ಝೆಲ್ಡಾ ಆಟದ ಭೌತಶಾಸ್ತ್ರ ಗಟ್ಟಿ, ಕತೆ ಮಾತ್ರ ಮರೆಗುಳಿ

2023ರ ಮೇ ತಿಂಗಳಲ್ಲಿ 'ದ ಲೆಜೆಂಡ್ ಆಫ್ ಝೆಲ್ಡಾ: ಟಿಯರ್ಸ್ ಆಫ್ ದ ಕಿಂಗ್‌ಡಮ್' ಬಿಡುಗಡೆಯಾದಾಗ, ಆಡುವವರಿಗಿಂತ ಜಾಸ್ತಿ ಬೆರಗಾದವರು ಬೇರೆ ಕಂಪನಿಗಳಲ್ಲಿ ಗೇಮ್ ಮಾಡುವವರು. ಅವರನ್ನು ತಬ್ಬಿಬ್ಬು ಮಾಡಿದ್ದು ಯಾವುದೋ ದೊಡ್ಡ ರಾಕ್ಷಸನಲ್ಲ, ಒಂದು ಸಾದಾ ಸೇತುವೆ. ಹಲಗೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಪೋಣಿಸಿದ, ಜೋತಾಡುವ ಸೇತುವೆ. ಅದರ ತುದಿಯನ್ನು ಎತ್ತಿ ಲಾವಾದ ಆಚೆಗೆ ಎಳೆಯುವ ಕ್ಲಿಪ್ ನೋಡಿ, 'ಇದು ಒಡೆಯದೆ ಹೇಗೆ ನಿಂತಿತು?' ಅಂತ ಕೇಳಿದರು. ನಮಗೆ ಅದರಲ್ಲಿ ವಿಶೇಷ ಏನೂ ಕಾಣುವುದಿಲ್ಲ, ಸೇತುವೆ ಅಂದಮೇಲೆ ಸೇತುವೆ ಥರಾನೇ ಇರಬೇಕಲ್ವಾ? ಆದರೆ ಕಂಪ್ಯೂಟರಿನೊಳಗೆ ಅದು ಬಹಳ ಕಷ್ಟದ ಕೆಲಸ. ಈ ಆಟದ ಒಳ್ಳೆಯದು, ಕೆಟ್ಟದು ಎರಡೂ ಆ ಕಷ್ಟದ ಸುತ್ತಲೇ ಇವೆ ಅನ್ನುವುದು ನನ್ನ ಅನಿಸಿಕೆ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡುತ್ತೇನೆ. 2017ರ ಮಾರ್ಚ್‌ನಲ್ಲಿ ನಿಂಟೆಂಡೊ ಕಂಪನಿಯ ಸ್ವಿಚ್ ಅನ್ನುವ ಗೇಮ್ ಯಂತ್ರದ ಜೊತೆಗೇ 'ಬ್ರೆತ್ ಆಫ್ ದ ವೈಲ್ಡ್' ಬಂತು. ಅದರ ಮುಂದುವರಿಕೆ ಇದು. ನಿರ್ದೇಶಕ ಹಿದೆಮಾರೊ ಫುಜಿಬಯಾಶಿ, ನಿರ್ಮಾಪಕ ಐಜಿ ಅವೊನುಮಾ, ಇಬ್ಬರೂ ಹಳಬರೇ. ಹೈರೂಲ್ ಅನ್ನುವ ರಾಜ್ಯದ ನಕ್ಷೆ ಕೂಡ ಹೆಚ್ಚುಕಮ್ಮಿ ಹಳೆಯದೇ. ಮೇಲೆ ತೇಲುವ ದ್ವೀಪಗಳು, ಕೆಳಗೆ ಕತ್ತಲ ಪಾತಾಳ ಸೇರಿಕೊಂಡಿವೆ. ಮೂರು ದಿನದಲ್ಲಿ 1 ಕೋಟಿ ಪ್ರತಿ ಮಾರಾಟವಾಯಿತು. ಸ್ವಿಚ್ ನಮ್ಮ ದೇಶದಲ್ಲಿ ಅಧಿಕೃತವಾಗಿ ಬಿಡುಗಡೆಯೇ ಆಗಿರಲಿಲ್ಲ, ಆಮದು ಅಂಗಡಿಯವರು ಹೇಳಿದ ರೇಟಿಗೆ ಕೊಂಡು ಆಡಿದವರೇ ಇಲ್ಲಿ ಎಲ್ಲ.

ಮೊದಲ ಆಟದಲ್ಲೇ ಈ ತಂಡ ಒಂದು ಜಾಣತನ ಮಾಡಿತ್ತು. ವಸ್ತುಗಳು ಬೀಳುವುದು, ಉರುಳುವುದು, ಡಿಕ್ಕಿ ಹೊಡೆಯುವುದನ್ನೆಲ್ಲ ಫಿಸಿಕ್ಸ್ ಎಂಜಿನ್ ನೋಡಿಕೊಳ್ಳುತ್ತದೆ. ಅದರ ಪಕ್ಕಕ್ಕೆ ಇವರು 'ಕೆಮಿಸ್ಟ್ರಿ ಎಂಜಿನ್' ಅಂತ ಇನ್ನೊಂದನ್ನು ಸೇರಿಸಿದರು. ಅದರ ನಿಯಮ ಮೂರೇ. ಬೆಂಕಿ, ನೀರು, ಮಂಜುಗಡ್ಡೆ, ವಿದ್ಯುತ್, ಗಾಳಿ ಇವು ವಸ್ತುಗಳ ಸ್ಥಿತಿ ಬದಲಿಸಬಹುದು, ಮರ ಉರಿಯುತ್ತದೆ, ಸೇಬು ಸುಡುತ್ತದೆ. ಇವು ಒಂದನ್ನೊಂದು ಬದಲಿಸಬಹುದು, ನೀರು ಬೆಂಕಿಯನ್ನು ಆರಿಸುತ್ತದೆ. ಆದರೆ ಒಂದು ವಸ್ತು ಇನ್ನೊಂದು ವಸ್ತುವಿನ ಸ್ಥಿತಿಯನ್ನು ನೇರವಾಗಿ ಬದಲಿಸಲಾರದು. ಅಷ್ಟೇ. 'ಇಲ್ಲಿ ಹುಲ್ಲು ಉರಿಯಬೇಕು' ಅಂತ ಯಾರೂ ಪ್ರತ್ಯೇಕವಾಗಿ ಬರೆದಿಟ್ಟಿಲ್ಲ. ಗುಡುಗು ಬರುವಾಗ ಬೆನ್ನ ಮೇಲೆ ಲೋಹದ ಕತ್ತಿ ಇದ್ದರೆ ಸಿಡಿಲು ಹೊಡೆಯುವುದಕ್ಕೂ ಇಂಥ ಸರಳ ನಿಯಮಗಳೇ ಸಾಕು.

ಎರಡನೇ ಆಟದಲ್ಲಿ ಆಟಗಾರನ ಕೈಗೆ ಅಂಟು ಕೊಟ್ಟರು. ಅಲ್ಟ್ರಾಹ್ಯಾಂಡ್ ಅನ್ನುವ ಶಕ್ತಿಯಿಂದ ಯಾವ ಹಲಗೆ, ಚಕ್ರ, ಫ್ಯಾನ್, ರಾಕೆಟ್ಟನ್ನಾದರೂ ಎತ್ತಿ ಇನ್ನೊಂದಕ್ಕೆ ಅಂಟಿಸಬಹುದು. ತಂಡದವರು ಇದನ್ನು ಗುಣಾಕಾರದ ಆಟ ಅನ್ನುತ್ತಾರೆ. ಹತ್ತು ವಸ್ತು ಇದ್ದಲ್ಲಿ ಹನ್ನೊಂದನೆಯದು ಸೇರಿದರೆ ಒಂದು ಹೆಚ್ಚಾಯಿತು ಅಂತಲ್ಲ, ಅದು ಉಳಿದ ಹತ್ತರ ಜೊತೆಗೂ ಸೇರಿ ಹೊಸದೇನೋ ಆಗುತ್ತದೆ. ಕೇಳಲು ಚೆಂದ. ಆದರೆ ಇದನ್ನು ಪರೀಕ್ಷೆ ಮಾಡಬೇಕಾದವರ ಪಾಡು ಏನಾಗಿರಬೇಡ!

ಈಗ ಸೇತುವೆಗೆ ಬರೋಣ. ಫಿಸಿಕ್ಸ್ ಎಂಜಿನ್‌ಗೆ ಸಮಯ ಹರಿಯುವುದಿಲ್ಲ, ಅದು ಹೆಜ್ಜೆ ಹಾಕುತ್ತದೆ. ಪ್ರತಿ ಹೆಜ್ಜೆಗೂ ಎಲ್ಲ ವಸ್ತುಗಳನ್ನು ಸ್ವಲ್ಪ ಮುಂದೆ ಸರಿಸಿ, ಯಾವುದು ಯಾವುದಕ್ಕೆ ತಾಗಿದೆ ಅಂತ ಹುಡುಕಿ, ಒಂದರೊಳಗೊಂದು ನುಗ್ಗಿದ್ದರೆ ಆಚೆ ತಳ್ಳುತ್ತದೆ. 100 ವಸ್ತುಗಳಿದ್ದರೆ ಜೋಡಿಗಳು 4,950. ದೂರ ಇರುವುದನ್ನು ಮೊದಲೇ ಬಿಟ್ಟು ಕೆಲಸ ಕಡಿಮೆ ಮಾಡಿಕೊಳ್ಳುತ್ತದೆ, ಅದು ಸಲೀಸು. ತಲೆನೋವು ಕೊಂಡಿಗಳದ್ದು. ಎರಡು ಹಲಗೆಗಳ ನಡುವಿನ ಕೊಂಡಿ ಸ್ವಲ್ಪ ಬಿಟ್ಟುಕೊಂಡಿದ್ದರೆ ಎಂಜಿನ್ ಅದನ್ನು ಎಳೆದು ಸರಿಮಾಡುತ್ತದೆ, ಅಷ್ಟರಲ್ಲಿ ಪಕ್ಕದ ಕೊಂಡಿ ಕೆಡುತ್ತದೆ. ಅಲ್ಲಾಡುವ ಮೇಜಿನ ಒಂದು ಕಾಲಿಗೆ ಕಾಗದ ತುರುಕಿದರೆ ಇನ್ನೊಂದು ಕಾಲು ಏಳುತ್ತದಲ್ಲ, ಹಾಗೆ. ಅದಕ್ಕೆ ಎಲ್ಲ ಕೊಂಡಿಗಳ ಮೇಲೂ ಮತ್ತೆ ಮತ್ತೆ ಕೈಯಾಡಿಸುತ್ತ ಹೋಗುತ್ತದೆ, ಸಮಯ ಮುಗಿದಾಗ ನಿಲ್ಲಿಸುತ್ತದೆ. ಉಳಿದ ತಪ್ಪು ಉಳಿಯಿತು. ಸರಪಳಿ ಉದ್ದವಾದಷ್ಟೂ ಈ ತಪ್ಪು ಕೂಡುತ್ತ ಹೋಗಿ ಹಲಗೆಗಳು ರಬ್ಬರಿನಂತೆ ಹಿಗ್ಗುತ್ತವೆ, ನಡುಗುತ್ತವೆ, ಕೆಲವು ಆಟಗಳಲ್ಲಿ ಏಕಾಏಕಿ ಆಕಾಶಕ್ಕೆ ಸಿಡಿದೂ ಹೋಗುತ್ತವೆ. ಹಗುರ ಹಲಗೆಯ ಮೇಲೆ ಭಾರದ ಕಲ್ಲು ಇಟ್ಟರಂತೂ ಇನ್ನೂ ಕೆಟ್ಟದು. ಇಲ್ಲಿ ಅದೇ ಸರಪಳಿಯನ್ನು ಆಟಗಾರನ ಕೈಗೆ ಕೊಟ್ಟು, ಅದಕ್ಕೆ ಏನು ಬೇಕಾದರೂ ಅಂಟಿಸಿ ಅಂತ ಬಿಟ್ಟಿದ್ದಾರೆ. ಒಂದು ರಚನೆಗೆ ಹೆಚ್ಚೆಂದರೆ 21 ಭಾಗ ಅನ್ನುವ ಮಿತಿ ಇದೆ, ಯಾಕೆ ಅಂತ ಈಗ ಅರ್ಥವಾಗುತ್ತದಲ್ವಾ.

ಎಂಜಿನ್ ಇವರದ್ದೇ ಅಲ್ಲ, ಅದು ಹ್ಯಾವಕ್, ಎಷ್ಟೋ ಆಟಗಳು ಬಳಸುವಂಥದ್ದು. ವ್ಯತ್ಯಾಸ ಇರುವುದು ಹಟದಲ್ಲಿ. ಸಾಮಾನ್ಯವಾಗಿ ಗೇಮ್‌ಗಳಲ್ಲಿ ಬಾಗಿಲು, ಲಿಫ್ಟು, ಹಲ್ಲುಚಕ್ರಗಳು ಫಿಸಿಕ್ಸ್ ಪಾಲಿಸುವುದಿಲ್ಲ, ಅನಿಮೇಷನ್ ಹೇಳಿದಂತೆ ಚಲಿಸುತ್ತವೆ, ಮಧ್ಯೆ ಏನು ಬಂದರೂ ಕೇರ್ ಮಾಡುವುದಿಲ್ಲ. ಅಂಥ ಗೇಟಿನ ಕೆಳಗೆ ನೀವು ಒಂದು ಕಬ್ಬಿಣದ ಪೆಟ್ಟಿಗೆ ಇಟ್ಟರೆ? ಗೇಟ್ ಅನಂತ ಬಲದಿಂದ ಇಳಿಯುತ್ತದೆ, ಪೆಟ್ಟಿಗೆಗೆ ಹೋಗಲು ಜಾಗವಿಲ್ಲ, ಲೆಕ್ಕ ಹರಿದುಹೋಗುತ್ತದೆ. 2024ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ತಂಡದ ತಾಂತ್ರಿಕ ಪರಿಣತರು ಇದನ್ನೇ ವಿವರಿಸಿದರು. ಆಟ ಒಡೆಯುತ್ತಿದ್ದದ್ದು ಫಿಸಿಕ್ಸ್ ಪಾಲಿಸುವ ವಸ್ತುಗಳಿಂದಲ್ಲ, ಪಾಲಿಸದ ವಸ್ತುಗಳಿಂದ. ಅದಕ್ಕೆ ಎಲ್ಲವನ್ನೂ ಫಿಸಿಕ್ಸ್‌ಗೆ ಒಪ್ಪಿಸಿದರು. ಶಬ್ದ ಕೂಡ ಹೀಗೇ. ಬಂಡಿಗೆ ಅಂತ 'ಬಂಡಿಯ ಶಬ್ದ' ರೆಕಾರ್ಡ್ ಮಾಡಿಟ್ಟಿಲ್ಲ, ಚಕ್ರ ನೆಲಕ್ಕೆ ಉಜ್ಜುವುದು, ಸರಪಳಿ ಕುಲುಕುವುದು ಸೇರಿ ಬಂಡಿಯಂತೆ ಕೇಳಿಸುತ್ತದೆ. ಬಿಡುಗಡೆ 2022ರಿಂದ 2023ಕ್ಕೆ ಮುಂದೆ ಹೋಯಿತು. ಆ ಸಮಯ ಹೊಸದನ್ನು ತುಂಬಲು ಅಲ್ಲ, ಇದ್ದದ್ದನ್ನು ಗಟ್ಟಿ ಮಾಡಲು ಅಂತ ಅವೊನುಮಾ ಹೇಳಿದ್ದರು.

ರೀಕಾಲ್ ಅನ್ನುವ ಶಕ್ತಿ ನನಗೆ ಎಲ್ಲಕ್ಕಿಂತ ಇಷ್ಟ. ಒಂದು ವಸ್ತುವಿನ ಸಮಯ ಮಾತ್ರ ಹಿಂದಕ್ಕೆ ಓಡುತ್ತದೆ. ಬಿದ್ದ ಬಂಡೆ ಬಂದ ದಾರಿಯಲ್ಲೇ ಆಕಾಶಕ್ಕೆ ವಾಪಸ್. ನ್ಯೂಟನ್ನನ ಸಮೀಕರಣಗಳನ್ನು ಹಿಂದುಮುಂದು ಓಡಿಸಬಹುದು ಅಂತ ಓದಿರುತ್ತೇವೆ. ಘರ್ಷಣೆ, ಡಿಕ್ಕಿ ಬಂದ ತಕ್ಷಣ ಅದು ನಡೆಯುವುದಿಲ್ಲ. ನಿಂತ ಬಂಡೆಯನ್ನು ನೋಡಿ ಅದು ಎಲ್ಲಿಂದ ಉರುಳಿ ಬಂತು ಅಂತ ಲೆಕ್ಕ ಹಾಕಲಾಗದು, ಆ ಮಾಹಿತಿ ಕಳೆದುಹೋಗಿದೆ. ಹಾಗಾಗಿ ಬಂದ ದಾರಿಯನ್ನು ಬರೆದಿಟ್ಟುಕೊಳ್ಳುವುದೇ ಉಪಾಯ. ಸುಮ್ನೆ ಒಂದು ಲೆಕ್ಕ ಹಾಕಿ: ಜಾಗಕ್ಕೆ 3 ಸಂಖ್ಯೆ, ತಿರುಗಿದ ದಿಕ್ಕಿಗೆ 4, ಒಂದೊಂದಕ್ಕೆ 4 ಬೈಟ್, ಒಟ್ಟು 28. ಸೆಕೆಂಡಿಗೆ 30 ಸಲ, 20 ಸೆಕೆಂಡು ಬರೆದರೂ 16,800 ಬೈಟ್. ಒಂದು ಪುಟ್ಟ ಫೋಟೊಗಿಂತ ಕಡಿಮೆ. ಇದನ್ನು ಆಟಗಾರರು ಹೇಗೆ ದುರುಪಯೋಗ ಮಾಡಿದರು ನೋಡಿ: ಹಲಗೆಯನ್ನು ಎತ್ತರಕ್ಕೆ ಎತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದು, ಮೆಲ್ಲಗೆ ಕೆಳಗಿಳಿಸಿ, ಅದರ ಮೇಲೆ ಹತ್ತಿ ನಿಂತು ರೀಕಾಲ್ ಒತ್ತುವುದು. ಪುಕ್ಕಟೆ ಲಿಫ್ಟ್! ಎಷ್ಟೋ ಒಗಟುಗಳು ಈ ಒಂದೇ ಉಪಾಯಕ್ಕೆ ಬಿದ್ದುಹೋಗುತ್ತವೆ, ಆಟ ಅದನ್ನು ತಡೆಯಲು ಹೋಗುವುದೂ ಇಲ್ಲ. ಸೀಲಿಂಗ್ ತೂರಿ ಮೇಲೆ ಬರುವ ಅಸೆಂಡ್ ಕೂಡ ಮೊದಲು ಡೆವಲಪರ್‌ಗಳು ಗುಹೆಗಳಿಂದ ಬೇಗ ಹೊರಬರಲು ಬಳಸುತ್ತಿದ್ದ ಕಳ್ಳದಾರಿ. ಚೆನ್ನಾಗಿದೆ ಅಂತ ಆಟದಲ್ಲೇ ಇಟ್ಟರು.

ಇಷ್ಟಕ್ಕೆಲ್ಲ ಬಿಲ್ ಬರುತ್ತದೆ. ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರವೂ ಒಂದು ಫ್ರೇಮ್. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದು ಫ್ರೇಮ್‌ಗೆ ಸುಮಾರು 33 ಮಿಲಿಸೆಕೆಂಡು. ಅಷ್ಟರಲ್ಲಿ ಫಿಸಿಕ್ಸ್, ಶತ್ರುಗಳ ಬುದ್ಧಿ, ಹುಲ್ಲು, ನೆರಳು ಎಲ್ಲ ಮುಗಿಯಬೇಕು. ಸ್ವಿಚ್‌ನೊಳಗಿನ ಚಿಪ್ 2015ರ ಎನ್ವಿಡಿಯಾ ಟೆಗ್ರಾ ಎಕ್ಸ್1, ಸಿಪಿಯು ಓಡುವುದು ಸುಮಾರು 1 ಗಿಗಾಹರ್ಟ್ಝ್‌ನಲ್ಲಿ, ಮೆಮೊರಿ 4 ಜಿಬಿ. ಇದರ ಮೇಲೆ ಇಷ್ಟು ಮಾಡಿದ್ದೇ ಪವಾಡ ಅನ್ನಿ, ಆದರೆ ಪವಾಡ ಅಂತ ಕಣ್ಣು ಮುಚ್ಚಿಕೊಳ್ಳಲು ಆಗುವುದಿಲ್ಲ. ಅಲ್ಟ್ರಾಹ್ಯಾಂಡ್ ತೆರೆದ ಕೂಡಲೇ ಚಿತ್ರ ತಡವರಿಸಿ ಫ್ರೇಮ್ 20ರ ಆಸುಪಾಸಿಗೆ ಇಳಿಯುವುದಿತ್ತು. ಆಟದ ಮುಖ್ಯ ಕೆಲಸವನ್ನು ಮಾಡುವ ಹೊತ್ತಿನಲ್ಲೇ ಕೈಕೊಡುವುದು ಸಣ್ಣ ದೋಷವಲ್ಲ.

ಎರಡನೇ ದೋಷ ಸ್ವಾತಂತ್ರ್ಯದ್ದೇ. ಎರಡು ಫ್ಯಾನು, ನಡುವೆ ಒಂದು ಸ್ಟೀರಿಂಗ್ ಕಡ್ಡಿ. ಇದೇ ಹೋವರ್‌ಬೈಕ್. ಫ್ಯಾನುಗಳು ಗುರುತ್ವ ಕೇಂದ್ರದ ಎರಡೂ ಬದಿ ಸಮನಾಗಿ ಕೂತರೆ ತಿರುಚುವ ಬಲಗಳು ಒಂದನ್ನೊಂದು ಹೊಡೆದುಹಾಕುತ್ತವೆ, ಭಾರ ಕಡಿಮೆ, ಬ್ಯಾಟರಿ ಉಳಿಯುತ್ತದೆ. ಎಷ್ಟು ಚೆಂದದ ವಿಮಾನ ಕಟ್ಟಿದರೂ ಅದರ ರೆಕ್ಕೆ ಸ್ವಲ್ಪ ಹೊತ್ತಿಗೆ ಮಿನುಗಿ ಮಾಯವಾಗುತ್ತದೆ, ಫ್ಯಾನಿಗೆ ಆ ಕಾಟ ಇಲ್ಲ. ಹೀಗಾಗಿ ಜಗತ್ತಿನಾದ್ಯಂತ ಬೇರೆ ಬೇರೆ ದಾರಿಯಲ್ಲಿ ಹೊರಟ ಆಟಗಾರರೆಲ್ಲ ಇದೇ ಮೂರು ತುಂಡಿಗೆ ಬಂದು ನಿಂತರು. ಅದನ್ನು ಕಂಡುಕೊಂಡ ಮೇಲೆ ತೆಪ್ಪಕ್ಕೆ ಹಾಯಿ ಕಟ್ಟುವವರು ಯಾರು? ಲಾರಿ ಕಟ್ಟುವವರು ಯಾರು? ಬೆಟ್ಟ, ನದಿ, ಮಳೆ ಯಾವುದೂ ಅಡ್ಡಿಯಾಗಿ ಉಳಿಯುವುದಿಲ್ಲ. ಫ್ಯಾನಿಗೂ ರೆಕ್ಕೆಯ ಹಾಗೆ ಆಯಸ್ಸು ಇಟ್ಟಿದ್ದರೆ ಇದು ಬೇರೆಯೇ ಆಟವಾಗುತ್ತಿತ್ತು. ಕಟ್ಟಿದ್ದನ್ನು ನೆನಪಿಟ್ಟು ಮತ್ತೆ ಒಂದೇ ಗುಂಡಿಗೆ ಕಟ್ಟಿಕೊಡುವ ಆಟೊಬಿಲ್ಡ್ ಒಳ್ಳೆಯದೇ, ಆದರೆ ಅದನ್ನು ಪಾತಾಳದ ಒಂದು ಗಣಿಯೊಳಗೆ ಬಚ್ಚಿಟ್ಟಿದ್ದಾರೆ. ಆ ದಾರಿ ಹಿಡಿಯದೆ ಹೋದರೆ ಗಂಟೆಗಟ್ಟಲೆ ಚಕ್ರ ಅಂಟಿಸುತ್ತ ಕೂರಬೇಕು.

ಬಾಣಕ್ಕೆ ವಸ್ತು ಸೇರಿಸುವ ಮೆನು ಬಗ್ಗೆ ಬೈಯದೆ ಇರಲಾರೆ. ಬಿಲ್ಲು ಎಳೆದು ಹಿಡಿದು, ಇನ್ನೊಂದು ಗುಂಡಿ ಒತ್ತಿ ಹಿಡಿದು, ಒಂದೇ ಸಾಲಿನಲ್ಲಿ ನಿಂತ ಅಣಬೆ, ಕೊಂಬು, ಕಣ್ಣು, ಹಣ್ಣುಗಳನ್ನೆಲ್ಲ ದಾಟಿ ಬೆಂಕಿಹಣ್ಣು ಹುಡುಕಬೇಕು. ಬಿಟ್ಟಿರಿ. ಮುಂದಿನ ಬಾಣಕ್ಕೆ ಮತ್ತೆ ಅದೇ. ಪಾತಾಳ ಮೊದಲ ಕೆಲವು ಗಂಟೆ ಮೈ ನಡುಗಿಸುತ್ತದೆ. ಮೇಲಿನ ಬೆಟ್ಟ ಕೆಳಗೆ ಕಣಿವೆಯಾಗಿರುವುದು ಗೊತ್ತಾದಾಗ ಖುಷಿಯೂ ಆಗುತ್ತದೆ. ಆಮೇಲೆ ಅದೇ ಕತ್ತಲು, ಅದೇ ಶತ್ರುಗಳ ಠಾಣೆ. ಆಕಾಶದ ದ್ವೀಪಗಳು ಟ್ರೇಲರ್ ಆಸೆ ಹುಟ್ಟಿಸಿದಷ್ಟು ಇಲ್ಲ.

ಇನ್ನು ಕತೆ. ಇನ್ನೂ ಆಡದವರು ಈ ಪ್ಯಾರಾ ಬಿಟ್ಟುಬಿಡಿ. ನಾಲ್ಕು ಸೀಮೆಗಳ ದೇವಾಲಯಗಳನ್ನು ಯಾವ ಕ್ರಮದಲ್ಲಾದರೂ ಮುಗಿಸಬಹುದು, ಅಂದರೆ 24 ಕ್ರಮ. ಯಾವುದು ಮೊದಲು ಬರುತ್ತದೋ ಗೊತ್ತಿಲ್ಲವಾದ್ದರಿಂದ ನಾಲ್ಕೂ ಕಡೆ 'ಏನೂ ತಿಳಿಯದವನಿಗೆ' ಅಂತಲೇ ದೃಶ್ಯ ಬರೆದಿದ್ದಾರೆ. ಅದೇ ಪುರಾತನ ಯುದ್ಧ, ಅದೇ ರಾಕ್ಷಸ ರಾಜ, ಅದೇ ರಹಸ್ಯ ಕಲ್ಲು, ನಾಲ್ಕು ಸಲ. ಅಲ್ಲಲ್ಲಿ ಸಿಗುವ, ಹಿಂದೆ ನಡೆದದ್ದನ್ನು ತೋರಿಸುವ 'ಡ್ರ್ಯಾಗನ್ ಕಣ್ಣೀರಿನ' ನೆನಪುಗಳದ್ದು ಇನ್ನೂ ವಿಚಿತ್ರ. ಕೊನೆಯದನ್ನು ಬಿಟ್ಟು 11 ನೆನಪುಗಳು, ನೋಡಬಹುದಾದ ಕ್ರಮಗಳು ಸುಮಾರು 4 ಕೋಟಿ. ನೆನಪುಗಳೆಲ್ಲ ಮುಗಿದ ಮೇಲೆ ರಾಜಕುಮಾರಿ ಝೆಲ್ಡಾ ಎಲ್ಲಿದ್ದಾಳೆ, ಏನಾಗಿದ್ದಾಳೆ ಎಲ್ಲ ನಾವು ಆಡಿಸುವ ನಾಯಕ ಲಿಂಕ್‌ಗೆ ಗೊತ್ತು. ಆದರೂ ಊರೂರಿನವರು ಅವಳನ್ನು ಹುಡುಕುತ್ತಲೇ ಇರುತ್ತಾರೆ, ನಮ್ಮ ಹೀರೊ ಬಾಯಿ ಬಿಡುವುದೇ ಇಲ್ಲ! ಎಲ್ಲೋ ಉರುಳಿಸಿದ ಕಲ್ಲು ಬಂದ ದಾರಿಯನ್ನು ನೆನಪಿಟ್ಟುಕೊಳ್ಳುವ ಆಟಕ್ಕೆ ನಾಯಕನಿಗೆ ಏನು ಗೊತ್ತು ಅನ್ನುವುದು ನೆನಪಿಲ್ಲ. ಕಾರಣ ಸೋಮಾರಿತನ ಅಂತ ನನಗೆ ಅನಿಸುವುದಿಲ್ಲ. ಕಲ್ಲು, ಬೆಂಕಿಗೆ ನಿಯಮ ಬರೆದರೆ ಸಾಕು, ಉಳಿದದ್ದು ತಾನಾಗಿ ಹುಟ್ಟುತ್ತದೆ. ಮಾತಿಗೆ ಅಂಥ ಎಂಜಿನ್ ಇಲ್ಲ. ಪ್ರತಿ ಸಾಧ್ಯತೆಗೂ ಯಾರೋ ಕೂತು ಸಾಲು ಬರೆಯಬೇಕು, ನಟರು ಅದನ್ನು ಓದಬೇಕು, ಎಷ್ಟೋ ಭಾಷೆಗೆ ಅದು ಹೋಗಬೇಕು. ಹಾಗಂತ ನಾಲ್ಕು ದೇವಾಲಯಕ್ಕೆ, 'ಇದು ನಿನಗೆ ಎಷ್ಟನೆಯದು' ಅಂತ ನೋಡಿ ಬದಲಾಗುವ ನಾಲ್ಕು ಭಾಗದ ಕತೆ ಬರೆಯುವುದು ಅಸಾಧ್ಯವೇನಲ್ಲ. 24 ಕ್ರಮಕ್ಕೆ 24 ಕತೆ ಬೇಕಿಲ್ಲ, ಎಣಿಕೆ ಒಂದು ಸಾಕಿತ್ತು.

2025ರ ಜೂನ್ 5ರಂದು ಸ್ವಿಚ್ 2 ಬಂತು, ಅದರ ಜೊತೆ ಈ ಆಟದ ಹೊಸ ಆವೃತ್ತಿಯೂ. ಈಗ ಸೆಕೆಂಡಿಗೆ 60 ಫ್ರೇಮ್, ಅಲ್ಟ್ರಾಹ್ಯಾಂಡ್ ತೆರೆದಾಗ ಆ ತಡವರಿಕೆ ಇಲ್ಲ. ಚಿಪ್ಪಿನಿಂದ ಹುಟ್ಟಿದ ದೋಷ ಚಿಪ್ ಬದಲಾದಾಗ ಹೋಯಿತು. ಹೋವರ್‌ಬೈಕ್ ಹಾಗೇ ಇದೆ, ಬಾಣದ ಮೆನು ಹಾಗೇ ಇದೆ, ನಾಲ್ಕನೇ ದೇವಾಲಯದ ಕೊನೆಯಲ್ಲಿ ರಹಸ್ಯ ಕಲ್ಲಿನ ಬಗ್ಗೆ ಮೊದಲ ಸಲ ಹೇಳುವವರ ಹಾಗೆ ಈಗಲೂ ಹೇಳುತ್ತಾರೆ. ಹೊಸದಾಗಿ ಕೊಳ್ಳುವವರು ಆ ದೃಶ್ಯ ಬಂದಾಗ ಸ್ಕಿಪ್ ಒತ್ತಿ, ಪಕ್ಕದಲ್ಲಿ ಬಿದ್ದಿರುವ ಹಲಗೆಗೆ ಏನಾದರೂ ಅಂಟಿಸಿ ನೋಡುವುದು ಒಳ್ಳೆಯದು.