ಒಂದು ಕೀ, ಕೆಲವು ಶಾಂಪೇನ್ ಬಾಟಲಿ: ಸಸ್ಪೆನ್ಸ್ ಹೇಗೆ ಹುಟ್ಟುತ್ತದೆ

ಕಥೆ ಬರೆಯಲು ಕಲಿಯುವಾಗ ನಾನು ಸಸ್ಪೆನ್ಸ್ ಅಂದರೆ ಓದುಗರಿಂದ ವಿಷಯ ಬಚ್ಚಿಡುವುದು ಅಂದುಕೊಂಡಿದ್ದೆ. ಬಚ್ಚಿಟ್ಟರೆ ಕೊನೆಗೆ ಸಿಗುವುದು ಬೆಚ್ಚಿಬೀಳುವ ಒಂದು ಕ್ಷಣ ಅಷ್ಟೇ. ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಕೊಡುತ್ತಿದ್ದ ಉದಾಹರಣೆ ನೋಡಿ. ಇಬ್ಬರು ಸುಮ್ನೆ ಹರಟುತ್ತಾ ಕೂತಿದ್ದಾರೆ, ಮೇಜಿನ ಕೆಳಗೆ ಬಾಂಬ್ ಇದೆ. ನಮಗೆ ಗೊತ್ತಿಲ್ಲದೆ ಸಿಡಿದರೆ 15 ಸೆಕೆಂಡ್ ಗಾಬರಿ. ಒಂದು ಗಂಟೆಗೆ ಸಿಡಿಯುತ್ತದೆ, ಈಗ ಹನ್ನೆರಡು ಮುಕ್ಕಾಲು ಅಂತ ಮೊದಲೇ ತೋರಿಸಿಬಿಟ್ಟರೆ 15 ನಿಮಿಷ ಕೂತಲ್ಲಿ ಕೂರಲು ಆಗುವುದಿಲ್ಲ. ಹರಟೆ ಅದೇ, ಬಾಂಬ್ ಕೂಡ ಅದೇ.

ಅವರ 1946ರ ಸಿನಿಮಾ ‘ನಟೋರಿಯಸ್’ನ ಪಾರ್ಟಿ ದೃಶ್ಯದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಗಂಡನ ಮೇಲೆಯೇ ಗೂಢಚಾರಿಕೆ ಮಾಡುತ್ತಿರುವ ಅಲೀಸಿಯಾ ಅವನ ಕೀ ಗೊಂಚಲಿನಿಂದ ವೈನ್ ಇಡುವ ನೆಲಮಾಳಿಗೆಯ ಕೀ ಕದ್ದಿದ್ದಾಳೆ. ಕ್ಯಾಮೆರಾ ಎತ್ತರದಿಂದ ಇಡೀ ಹಾಲ್ ತೋರಿಸಿ, ಮೆಲ್ಲಗೆ ಇಳಿಯುತ್ತಾ ಇಳಿಯುತ್ತಾ, ಅವಳ ಕೈಯೊಳಗಿನ ಆ ಪುಟ್ಟ ಕೀ ಮೇಲೆ ಬಂದು ನಿಲ್ಲುತ್ತದೆ. ಅವಳೂ ಅವಳ ಜೊತೆಗಾರ ಗೂಢಚಾರ ಡೆವ್ಲಿನ್ನೂ ನೆಲಮಾಳಿಗೆಗೆ ಹೋಗಬೇಕು. ಇತ್ತ ಪಾರ್ಟಿಯಲ್ಲಿ ಶಾಂಪೇನ್ ಬಾಟಲಿಗಳು ಖಾಲಿಯಾಗುತ್ತಾ ಬರುತ್ತಿವೆ. ಮುಗಿದುಹೋದರೆ ಇನ್ನಷ್ಟು ತರಲು ಗಂಡ ಅಲ್ಲಿಗೇ ಇಳಿದು ಬರಬೇಕು, ಅಲ್ವಾ? ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ. ಗೋಡೆ ಗಡಿಯಾರ ತೋರಿಸದೆ, ಪಾರ್ಟಿಯಲ್ಲಿ ಹೇಗೂ ಇರುವ ಬಾಟಲಿಯನ್ನೇ ಗಡಿಯಾರ ಮಾಡಿದ್ದಾರೆ.

ನೆಲಮಾಳಿಗೆಯಲ್ಲಿ ಸಿಗುವುದು ಬಾಟಲಿಯೊಳಗೆ ಅಡಗಿಸಿಟ್ಟ ಯುರೇನಿಯಂ ಅದಿರು. ಇಂಥ ವಸ್ತುವಿಗೆ ‘ಮೆಕ್‌ಗಫಿನ್’ ಅನ್ನುತ್ತಾರೆ. ಪಾತ್ರಗಳಿಗೆ ಅದು ಪ್ರಾಣ. ನಮಗೆ ಅದರ ಬದಲು ವಜ್ರ ಇದ್ದರೂ ನಡೆಯುತ್ತದೆ, ಅಲೀಸಿಯಾ ಸಿಕ್ಕಿಬೀಳದಿದ್ದರೆ ಸಾಕು.

ಇನ್ನೊಂದು ಉಪಾಯ ತಡ ಮಾಡುವುದು. ಇದಕ್ಕೆ ನಮ್ಮ ಗೋವಿನ ಹಾಡಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಕಾಡಿನಲ್ಲಿ ಹಸಿದ ಹುಲಿ ಕಾಯುತ್ತಿದೆ, ಪುಣ್ಯಕೋಟಿ ವಾಪಸ್ ಬರುತ್ತೇನೆ ಅಂತ ಮಾತು ಕೊಟ್ಟು ಬಂದಿದೆ. ನಮಗೆ ಎಲ್ಲವೂ ಗೊತ್ತು. ಆದರೂ ಹಾಡು ಅವಸರ ಮಾಡದೆ ದೊಡ್ಡಿಯಲ್ಲೇ ನಿಲ್ಲುತ್ತದೆ. ಕರುವಿಗೆ ಹಾಲುಣಿಸಬೇಕು, ಬುದ್ಧಿ ಹೇಳಬೇಕು. ಯಾರ ಮೊಲೆ ಕುಡಿಯಲಿ, ಯಾರ ಬಳಿ ಮಲಗಲಿ ಅಂತ ಕರು ಕೇಳುತ್ತದೆ. ತಾಯಿ ಉಳಿದ ಹಸುಗಳ ಕಡೆ ತಿರುಗಿ, ಇವನು ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ ಅಂತ ಬೇಡಿಕೊಳ್ಳುತ್ತದೆ. ಅಷ್ಟೂ ಹೊತ್ತು ಹುಲಿ ಅಲ್ಲೇ ಕೂತಿದೆ.