ಸ್ನ್ಯಾಪ್ ಟೆಸ್ಟ್: ಕೆಳರೆಪ್ಪೆಯನ್ನು ಎಳೆದು ಬಿಟ್ಟು ನೋಡುವುದು ಯಾಕೆ?

ಕಣ್ಣಿನ ಕೆಳಗೆ ಚೀಲದ ಹಾಗೆ ಊದಿಕೊಂಡಿದ್ದನ್ನು ಸರಿ ಮಾಡಿಸಿಕೊಳ್ಳಲು ಹೋದವರಿಗೆ ಡಾಕ್ಟರು ಮಾಡುವ ಒಂದು ಸಣ್ಣ ಪರೀಕ್ಷೆ ಇದು. ಯಂತ್ರ ಬೇಡ, ಸೂಜಿ ಬೇಡ. ಬೆರಳಿನಿಂದ ಕೆಳರೆಪ್ಪೆಯನ್ನು ಕೆನ್ನೆಯ ಕಡೆಗೆ ಮೆಲ್ಲಗೆ ಎಳೆಯುತ್ತಾರೆ. ‘ಕಣ್ಣು ಮಿಟುಕಿಸಬೇಡಿ’ ಅಂತ ಹೇಳಿ, ಎಳೆದ ರೆಪ್ಪೆಯನ್ನು ಬಿಡುತ್ತಾರೆ. ರೆಪ್ಪೆ ಪಟಕ್ಕನೆ ವಾಪಸ್ ಹೋಗಿ ಕಣ್ಣುಗುಡ್ಡೆಗೆ ಅಂಟಿಕೊಂಡರೆ ಸರಿ. ನಿಧಾನಕ್ಕೆ ಹೋದರೆ, ಅಥವಾ ಮಿಟುಕಿಸಿದ ಮೇಲೇ ಹೋದರೆ, ರೆಪ್ಪೆ ಸಡಿಲವಾಗಿದೆ ಎಂದರ್ಥ.

ಕೆಳರೆಪ್ಪೆಯನ್ನು ಬಟ್ಟೆ ಒಣಹಾಕುವ ಹಗ್ಗ ಅಂದುಕೊಳ್ಳಿ. ಕಣ್ಣಿನ ಎರಡು ಮೂಲೆಗಳೇ ಅದರ ಕಂಬಗಳು. ವಯಸ್ಸಾದಂತೆ ಹಗ್ಗ ಜೋಲುತ್ತದೆ. ಆಪರೇಷನ್ ಆದ ಮೇಲೆ ಗಾಯ ಮಾಯುವಾಗ ಒಳಗೆ ಸ್ವಲ್ಪ ಕುಗ್ಗಿ ರೆಪ್ಪೆಯನ್ನು ಕೆಳಕ್ಕೆ ಜಗ್ಗುತ್ತದೆ. ಬಿಗಿಯಾದ ರೆಪ್ಪೆ ಅದನ್ನು ತಡೆದುಕೊಳ್ಳುತ್ತದೆ. ಸಡಿಲ ರೆಪ್ಪೆ ಜಾರಿ, ಕಪ್ಪುಗುಡ್ಡೆಯ ಕೆಳಗೆ ಬಿಳಿ ಕಾಣತೊಡಗುತ್ತದೆ. ಇನ್ನೂ ಜಾಸ್ತಿಯಾದರೆ ರೆಪ್ಪೆಯ ಅಂಚು ಹೊರಕ್ಕೆ ಮಗುಚಿಕೊಳ್ಳುತ್ತದೆ. ಅದಕ್ಕೆ ಎಕ್ಟ್ರೋಪಿಯನ್ ಎನ್ನುತ್ತಾರೆ. ಆಮೇಲೆ ಉರಿ, ಒಣಗುವುದು, ಸುಮ್ನೆ ನೀರು ಸುರಿಯುವುದು. ಚೆಂದಕ್ಕೆ ಅಂತ ಹೋದವರು ಕಣ್ಣಿನ ನೆಮ್ಮದಿಯನ್ನೇ ಕಳೆದುಕೊಳ್ಳಬಾರದು ಅಲ್ವಾ?

ಯಾವ ದಾರಿಯಲ್ಲಿ ಆಪರೇಷನ್ ಮಾಡಬೇಕು ಅನ್ನುವುದು ಇಂಥ ಪರೀಕ್ಷೆಗಳ ಮೇಲೇ ನಿಂತಿದೆ. 28ರ ಮಗಳು, 60ರ ಅಮ್ಮ ಇಬ್ಬರಿಗೂ ಅದೇ ಚೀಲ ಇದೆ ಅನ್ನಿ. ಮಗಳ ಚರ್ಮ ಬಿಗಿ, ಉಬ್ಬಿರುವುದು ಕೊಬ್ಬು ಮಾತ್ರ. ರೆಪ್ಪೆಯ ಒಳಬದಿಯಿಂದಲೇ ಕೊಬ್ಬು ತೆಗೆಯಬಹುದು, ಅಥವಾ ಕೆಳಗಿನ ಗುಳಿಗೆ ಸರಿಸಿ ತುಂಬಬಹುದು. ಹೊರಗೆ ಗಾಯದ ಗುರುತೇ ಇರುವುದಿಲ್ಲ. ಅಮ್ಮನಿಗೆ ಚರ್ಮವೂ ಜೋತಿದೆ, ರೆಪ್ಪೆಯೂ ಸಡಿಲ. ಅವರಿಗೆ ರೆಪ್ಪೆಗೂದಲಿನ ಕೆಳಗೇ ಕೊಯ್ದು, ಚರ್ಮವನ್ನು ಸ್ವಲ್ಪವೇ ತೆಗೆದು, ಹೊರಮೂಲೆಯಲ್ಲಿ ಹೊಲಿಗೆ ಹಾಕಿ ರೆಪ್ಪೆಯನ್ನು ಬಿಗಿ ಮಾಡಬೇಕಾಗುತ್ತದೆ. ಆ ಬಿಗಿ ಮಾಡುವ ಕೆಲಸವೇ ಕ್ಯಾಂಥೋಪೆಕ್ಸಿ. ಸಡಿಲ ಕಂಡೂ ಅದನ್ನು ಬಿಟ್ಟು ಬರೀ ಚರ್ಮ ಕತ್ತರಿಸಿದರೆ ತೊಂದರೆ ಕರೆದಂತೆ.

ಸ್ನ್ಯಾಪ್ ಟೆಸ್ಟ್ ಜೊತೆಗೇ ರೆಪ್ಪೆಯನ್ನು ಮುಂದಕ್ಕೆ ಎಳೆದೂ ನೋಡುತ್ತಾರೆ. ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್ ದಾಟಿ ಬಂದರೆ ಸಡಿಲ ಅಂತ ಲೆಕ್ಕ. ಪಕ್ಕದಿಂದ ನೋಡಿದಾಗ ಗುಡ್ಡೆ ಕೆನ್ನೆಮೂಳೆಗಿಂತ ಮುಂದೆ ಇದ್ದರೆ ಇನ್ನಷ್ಟು ಎಚ್ಚರ ಬೇಕು, ಏಕೆಂದರೆ ರೆಪ್ಪೆಗೆ ಕೆಳಗಿನಿಂದ ಆಸರೆ ಕಡಿಮೆ. ಕಣ್ಣು ಒಣಗುವವರಿಗೆ ಕಾಗದದ ಪಟ್ಟಿಯನ್ನು 5 ನಿಮಿಷ ರೆಪ್ಪೆಗೆ ಸಿಕ್ಕಿಸಿ ಕಣ್ಣೀರು ಅಳೆಯುವುದುಂಟು. ಥೈರಾಯ್ಡ್ ತೊಂದರೆ, ಲೇಸಿಕ್ (ಕನ್ನಡಕ ಬಿಡಿಸುವ ಲೇಸರ್ ಆಪರೇಷನ್), ಆಸ್ಪಿರಿನ್ ಮಾತ್ರೆ, ಇವುಗಳ ಬಗ್ಗೆ ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಇನ್ನೊಂದು ಮಾತು. ಈ ತಪಾಸಣೆ ನಡೆಯಬೇಕಾದದ್ದು ಕೂತಿರುವಾಗ. ಮಲಗಿದರೆ ಕೊಬ್ಬು ಹಿಂದಕ್ಕೆ ಸರಿದು ಚೀಲ ಅರ್ಧ ಮಾಯವಾಗುತ್ತದೆ. ಅದಕ್ಕೇ ಆಪರೇಷನ್ ದಿನವೂ ಪೆನ್ನಿನ ಗುರುತು ಹಾಕುವುದು ಟೇಬಲ್ ಮೇಲೆ ಮಲಗಿಸುವ ಮುಂಚೆಯೇ.