ಮೇ ತಿಂಗಳಲ್ಲಿ ಇಳಿದ ಬಿಪಿ

ಬಿಪಿ ಇಳಿಸುವ ಹೊಸ ಮಾತ್ರೆಯೊಂದನ್ನು ಹಲವು ಊರುಗಳ ಆಸ್ಪತ್ರೆಗಳಲ್ಲಿ, ಅಂದರೆ ಸೆಂಟರುಗಳಲ್ಲಿ, ರೋಗಿಗಳ ಮೇಲೆ ಪರೀಕ್ಷಿಸುವ ಟ್ರಯಲ್ ಮುಗಿದ ಮೇಲೆ ರಾಯಚೂರಿನ ಯುವ ವೈದ್ಯರೊಬ್ಬರು ಲೆಕ್ಕ ಹಿಡಿದುಕೊಂಡು ಬಳ್ಳಾರಿಗೆ ಬಂದಿದ್ದರು. "ಸರ್, ನಮ್ಮ ಸೆಂಟರಿನಲ್ಲಿ ಹೊಸ ಮಾತ್ರೆ ಭರ್ಜರಿ ಕೆಲಸ ಮಾಡಿದೆ. ಮೈಸೂರಿನವರಿಗೆ ಬಿಪಿ ಇಷ್ಟು ಇಳಿದಿಲ್ಲ. ನಮ್ಮ ಜೋಳದ ರೊಟ್ಟಿ ಕಾರಣ ಇರಬಹುದಾ?"

"ಹುಸಿ ಮಾತ್ರೆ ನುಂಗಿದವರದ್ದು ಎಷ್ಟು ಇಳಿದಿದೆ, ನೋಡಪ್ಪ" ಅಂದೆ. ಹೋಲಿಸಿ ನೋಡಲೆಂದು ಇನ್ನೊಂದು ಗುಂಪಿಗೆ ಕೊಡುವ, ಔಷಧಿಯೇ ಇಲ್ಲದ ಮಾತ್ರೆ ಅದು. ಹೆಚ್ಚೂಕಡಿಮೆ ಅಷ್ಟೇ ಇಳಿದಿತ್ತು.

ಅವರು ರೋಗಿಗಳನ್ನು ಸೇರಿಸಿಕೊಂಡಿದ್ದು ಜನವರಿಯಲ್ಲಿ, ಕೊನೆಗೆ ಅಳೆದಿದ್ದು ಮೇನಲ್ಲಿ. ರಾಯಚೂರಿನ ಮೇ ಅಂದರೆ 40 ಡಿಗ್ರಿ ದಾಟುವ ಬಿಸಿಲು. ಸೆಖೆಗೆ ರಕ್ತನಾಳ ಹಿಗ್ಗುತ್ತವೆ, ಬೆವರಿನಲ್ಲಿ ಉಪ್ಪು, ನೀರು ಹೋಗುತ್ತದೆ. ಬಿಪಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ಮೈಸೂರಿನಲ್ಲಿ ಅಷ್ಟು ಸೆಖೆ ಎಲ್ಲಿದೆ?

ಎಷ್ಟು ಸಲ ಹೇಳಿದರೂ ಎಡವುವುದು ಇಲ್ಲೇ. ಬಿಪಿ ಎಷ್ಟು ಇಳಿಯಿತು ಅನ್ನುವುದು ಬೇರೆ, ಔಷಧಿ ಎಷ್ಟು ಇಳಿಸಿತು ಅನ್ನುವುದು ಬೇರೆ. ಒಂದೇ ಸೆಂಟರಿನಲ್ಲಿ, ಒಂದೇ ಕಾಲದಲ್ಲಿ ಸೇರಿದ ಎರಡು ಗುಂಪುಗಳ ನಡುವಿನ ಅಂತರ ಮಾತ್ರ ಔಷಧಿಯ ಲೆಕ್ಕಕ್ಕೆ ಬರುತ್ತದೆ. ಬಿಸಿಲು ಎರಡೂ ಗುಂಪಿಗೆ ಒಂದೇ, ಅಲ್ವಾ? ಸೆಂಟರುವಾರು, ಸೇರಿದ ಕ್ರಮದಲ್ಲಿ ರೋಗಿಗಳ ಸಣ್ಣ ಸಣ್ಣ ಕಂತು (ಬ್ಲಾಕ್) ಮಾಡಿ, ಪ್ರತಿ ಕಂತಿನಲ್ಲೂ ಎರಡೂ ಮಾತ್ರೆ ಸಮವಾಗಿ ಬರುವ ಹಾಗೆ ಚೀಟಿ ಎತ್ತಿದಂತೆ ಹಂಚುವುದು ಇದಕ್ಕೇ.

ಆ ಅಂತರವೇ ಊರಿಂದ ಊರಿಗೆ ಬೇರೆಯಾದರೆ? ಆಗ ಯೋಚಿಸಬೇಕು, ಆದರೆ ಅವಸರ ಬೇಡ. 1988ರಲ್ಲಿ ಪ್ರಕಟವಾದ ಐಸಿಸ್-2 ಟ್ರಯಲ್‌ನಲ್ಲಿ ಹೃದಯಾಘಾತದ ಶಂಕೆ ಇದ್ದ 17,187 ಜನರಿದ್ದರು. ಒಟ್ಟಾರೆ ಆಸ್ಪಿರಿನ್ ಸ್ಪಷ್ಟವಾಗಿ ಜೀವ ಉಳಿಸಿತು. ಹುಟ್ಟಿದ ದಿನದ ರಾಶಿ ಹಿಡಿದು ಬಿಡಿಸಿದಾಗ ಮಾತ್ರ ಮಿಥುನ, ತುಲಾ ರಾಶಿಯವರಿಗೆ ಉಪಯೋಗವೇ ಆಗಿಲ್ಲ ಅನ್ನುವಂತೆ ಕಂಡಿತು! ಚೂರು ಚೂರು ಮಾಡಿದರೆ ಇಂಥದ್ದೂ ಕಾಣುತ್ತದೆ ಎಂದು ತೋರಿಸಲೆಂದೇ ಸಂಶೋಧಕರು ಅದನ್ನು ಅಚ್ಚು ಹಾಕಿದರು. ಹದಿನೈದು ರೋಗಿಗಳ ಸೆಂಟರಿಗೂ ಅದೇ ಮಾತು.

ನನ್ನ ಭಯ ಬೇರೆಯದು. ಬೇಸಿಗೆಯಲ್ಲಿ ನಮ್ಮ ಕಡೆ ಜನ ಗುಳೆ ಹೋಗುತ್ತಾರೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಹಾಗಾದರೆ ಮೇ ತಪಾಸಣೆಗೆ ಬಂದವರು ಯಾರು? ದುಡಿಯಲಾಗದೆ ಊರಲ್ಲಿ ಉಳಿದವರೇ ಜಾಸ್ತಿ ಇರಬಹುದು. ಮಾತ್ರೆ ಒಗ್ಗದೆ ಬಿಟ್ಟವರನ್ನೂ ಸುಮ್ನೆ 'ಗುಳೆ' ಎಂದು ಬರೆದಿರಬಹುದು. ಒಂದೇ ಗುಂಪಿನಿಂದ ಹೆಚ್ಚು ಜನ ಹೀಗೆ ಜಾರಿಹೋದರೆ, ಚೀಟಿ ಎತ್ತಿ ಸಮ ಮಾಡಿದ್ದು ಕೆಟ್ಟುಹೋಗುತ್ತದೆ. ಅದನ್ನು ಯಾವ ಸೂತ್ರವೂ ಪೂರ್ತಿ ಸರಿಮಾಡಲಾರದು.

"ಬಾರದವರ ಪಟ್ಟಿ ಮಾಡಿಕೋ, ಒಬ್ಬೊಬ್ಬರ ಮನೆಗೂ ಫೋನ್ ಮಾಡು" ಎಂದು ಕಳಿಸಿದೆ. ನಿನ್ನೆ ಅವರ ಕರೆ ಬಂತು. ಗುಳೆ ಎಂದು ಬರೆದಿದ್ದ ಒಬ್ಬ ತಾಯಿ ಊರು ಬಿಟ್ಟೇ ಇರಲಿಲ್ಲ. ಮಾತ್ರೆ ನುಂಗಿದರೆ ಕಣ್ಣು ಕತ್ತಲೆ ಬರುತ್ತಿತ್ತಂತೆ. ಹೇಳಿದರೆ ಡಾಕ್ಟರು ಬೈತಾರೆ ಎಂದು ಸುಮ್ಮನಿದ್ದರಂತೆ.